ನೆಲ ಬಿಸಿಯಾದ ಮೇಲೆ ಹಾಸಿದ ಗರಿಕೆ

2022ರ ಅಕ್ಟೋಬರ್ ಕೊನೆಯ ವಾರದಲ್ಲಿ, ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ರಾಲಿ ನಗರದಲ್ಲಿರುವ ನಮ್ಮ ಮನೆಯ ಮುಂದೆ, ಡ್ರೈವ್‌ವೇ ಪಕ್ಕದ ಇನ್ನೂರು ಚದರಡಿ ಜಾಗಕ್ಕೆ ನಾನು ಬರ್ಮುಡಾ ಹುಲ್ಲಿನ ಹಾಳೆಗಳನ್ನು ಹಾಸಿದೆ. ಬೇರು ಮತ್ತು ತೆಳ್ಳನೆಯ ಮಣ್ಣಿನ ಪದರದ ಸಮೇತ ಹೊಲದಿಂದ ಕತ್ತರಿಸಿ ತಂದು ಮಾರುವ ಈ ಹಾಳೆಗಳನ್ನು ಇಲ್ಲಿಯವರು ಸಾಡ್ ಎನ್ನುತ್ತಾರೆ. ಹಂಗಾಮು ಮುಗಿಯುವ ಹೊತ್ತಾದ್ದರಿಂದ ಬೆಲೆ ಇಳಿದಿತ್ತು, ಹಗಲಿನ ಬಿಸಿಲು ಹಿತವಾಗಿತ್ತು, ಬೆವರು ಹರಿಸದೆಯೇ ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ಮರುದಿನ ನೋಡಿದವರೆಲ್ಲ ಚೆನ್ನಾಗಿದೆ ಎಂದರು. ಕೆಲವೇ ವಾರಗಳಲ್ಲಿ ಇಬ್ಬನಿ ಹೆಪ್ಪುಗಟ್ಟಿ ಹುಲ್ಲು ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ಚಳಿಗಾಲದಲ್ಲಿ ಈ ಜಾತಿಯ ಹುಲ್ಲು ಹಾಗೆ ಮಲಗುವುದು ಸಹಜವೆಂದು ಗೊತ್ತಿದ್ದುದರಿಂದ ನಾನು ಚಿಂತಿಸಲಿಲ್ಲ. ಆದರೆ ಆ ವರ್ಷದ ಕ್ರಿಸ್ಮಸ್ ಹೊತ್ತಿಗೆ ಇದ್ದಕ್ಕಿದ್ದಂತೆ ಬಂದ ಕಡುಚಳಿ ಕಳೆದು, ಮಾರ್ಚ್ ಕಳೆದು, 2023ರ ಏಪ್ರಿಲ್ ಮುಗಿಯುತ್ತ ಬಂದರೂ ಅರ್ಧಕ್ಕಿಂತ ಹೆಚ್ಚು ಹಾಳೆಗಳು ಹಸಿರಾಗಲೇ ಇಲ್ಲ. ಒಂದರ ಅಂಚು ಹಿಡಿದು ಎತ್ತಿದೆ. ಅದು ಚಾಪೆಯಂತೆ ಎದ್ದು ಬಂತು. ಆರು ತಿಂಗಳು ನಮ್ಮ ನೆಲದ ಮೇಲೆ ಮಲಗಿದ್ದರೂ ಅದರ ಒಂದು ಬೇರು ಕೂಡ ಕೆಳಗಿನ ಮಣ್ಣಿಗೆ ಇಳಿದಿರಲಿಲ್ಲ.

ನಾನು ಎಡವಿದ್ದು ಕಾಲದ ಲೆಕ್ಕದಲ್ಲಿ. ರಾಲಿ ಇರುವ ಪ್ರದೇಶ ಚಳಿನಾಡಿನ ಹುಲ್ಲಿಗೂ ಬಿಸಿನಾಡಿನ ಹುಲ್ಲಿಗೂ ನಡುವಿನ ಪಟ್ಟಿ. ಚಳಿಯನ್ನು ಇಷ್ಟಪಡುವ ಫೆಸ್ಕ್ಯೂ ಎಂಬ ಹುಲ್ಲು ಇಲ್ಲಿನ ಬಹುಪಾಲು ಮನೆಗಳ ಮುಂದಿದೆ. ಅದನ್ನು ಹಾಕಲು ಸೆಪ್ಟೆಂಬರ್ ಮತ್ತು ಅಕ್ಟೋಬರ್ ಒಳ್ಳೆಯ ಕಾಲ. ನೆರೆಹೊರೆಯವರು ಹುಲ್ಲು ಹಾಕಲು ಶರತ್ಕಾಲವೇ ಸರಿ ಎನ್ನುವಾಗ ಅವರ ಮನಸ್ಸಿನಲ್ಲಿದ್ದದ್ದು ಫೆಸ್ಕ್ಯೂ. ನಾನು ತಂದದ್ದು ಬರ್ಮುಡಾ. ಎರಡೂ ಹುಲ್ಲೇ ಆದರೂ ಒಳಗಿನ ವ್ಯವಹಾರವೇ ಬೇರೆ. ಗಾಳಿಯಲ್ಲಿರುವ ಇಂಗಾಲವನ್ನು ಹಿಡಿದು ಆಹಾರ ಮಾಡಿಕೊಳ್ಳುವ ರೀತಿಯಲ್ಲಿ ಫೆಸ್ಕ್ಯೂ, ಗೋಧಿ, ಭತ್ತ ಒಂದು ಗುಂಪಿಗೆ ಸೇರಿದರೆ, ಬರ್ಮುಡಾ ಮತ್ತು ಅದರಂತೆಯೇ ಅಂಗಳಕ್ಕೆ ಹಾಸುವ ಜೋಯ್ಷಿಯಾ ಎಂಬ ಹುಲ್ಲು ನಮ್ಮ ರಾಗಿ, ಜೋಳ, ಕಬ್ಬುಗಳಿರುವ ಇನ್ನೊಂದು ಗುಂಪಿಗೆ ಸೇರುತ್ತವೆ. ಈ ಎರಡನೆಯ ಗುಂಪು ಉರಿಬಿಸಿಲಿನಲ್ಲಿ ಹುರುಪಾಗಿ ಬೆಳೆಯುತ್ತದೆ, ಕಡಿಮೆ ನೀರಿನಲ್ಲಿ ಬಾಳುತ್ತದೆ, ಆದರೆ ನೆಲ ತಣ್ಣಗಾದರೆ ಬೇರು ಬಿಡುವುದನ್ನು ನಿಲ್ಲಿಸುತ್ತದೆ. ಈ ಹುಲ್ಲುಗಳ ಬೇರು ಚೆನ್ನಾಗಿ ಬೆಳೆಯಬೇಕಾದರೆ ಮಣ್ಣಿನ ಉಷ್ಣತೆ 24ರಿಂದ 29 ಡಿಗ್ರಿ ಸೆಲ್ಸಿಯಸ್ ಇರಬೇಕು. 18 ಡಿಗ್ರಿಗಿಂತ ಕೆಳಗಿಳಿದರೆ ಬೆಳವಣಿಗೆ ತೀರ ನಿಧಾನವಾಗುತ್ತದೆ. ಅಕ್ಟೋಬರ್ ಕೊನೆಯಲ್ಲಿ ನಾನು ಹಾಸಿದ ಹಾಳೆಗಳು ಹೊಲದಿಂದ ತಂದ ಕಸುವಿನಲ್ಲಿ ಎರಡು ವಾರ ಹಸಿರಾಗಿದ್ದವು, ಅಷ್ಟೇ. ಮೇಲಿನ ಹಸಿರು ನೋಡಿ ನಾನು ಹುಲ್ಲು ಹತ್ತಿಕೊಂಡಿತೆಂದು ತಿಳಿದೆ.

ಹಾಳಾದದ್ದನ್ನೆಲ್ಲ ಕಿತ್ತು, ಮುಂದಿನ ಅಂಗಳ ಪೂರ್ತಿ, ಅಂದರೆ 850 ಚದರಡಿಗೆ, ಈ ಸಲ ಸರಿಯಾದ ಕಾಲದಲ್ಲಿ ಹಾಸಬೇಕೆಂದು ನಿರ್ಧರಿಸಿದ ಹೊತ್ತಿಗೆ ಅಪ್ಪ ಊರಿನಿಂದ ಬಂದರು. ಅರಸೀಕೆರೆ ಸೀಮೆಯಲ್ಲಿ ರಾಗಿ, ತೆಂಗು, ಮೆಕ್ಕೆಜೋಳ ಬೆಳೆದುಕೊಂಡು ಬಂದವರು ಅವರು. ಬಂದ ಮರುದಿನ ಬೆಳಿಗ್ಗೆ ಅಂಗಳಕ್ಕಿಳಿದು, ಬದುಕುಳಿದಿದ್ದ ಬರ್ಮುಡಾದ ಒಂದು ಎಳೆ ಕಿತ್ತು, ಗೆಣ್ಣು ನೋಡಿ, ಎಲೆಯ ತುದಿ ನೋಡಿ, "ಇದು ಗರಿಕೆ ಅಲ್ವಾ ಮಗಾ" ಎಂದರು. ನಿಜ. ಅಮೆರಿಕದವರು ಬರ್ಮುಡಾ ಎಂದು ಕರೆಯುವುದು ಸೈನೊಡಾನ್ ಡ್ಯಾಕ್ಟಿಲಾನ್ ಎಂಬ ನಮ್ಮ ಗರಿಕೆಯನ್ನೇ. ಲಾನ್‌ಗೆಂದು ಮಾರುವ ತಳಿಗಳಲ್ಲಿ ಬಹಳಷ್ಟು ಅದರ ಮಿಶ್ರತಳಿಗಳು. ಅಪ್ಪನ ಹೊಲದಲ್ಲಿ ಗರಿಕೆ ಹೊಕ್ಕಿತೆಂದರೆ ಆ ವರ್ಷ ಕಳೆ ತೆಗೆಯುವುದಕ್ಕೆ ಎರಡು ಪಟ್ಟು ಆಳು ಬೇಕಾಗುತ್ತಿದ್ದರು. ಅದೇ ಹುಲ್ಲನ್ನು ಚೌತಿಯ ದಿನ ಅವರೇ ತೋಟದ ಬದುವಿನಿಂದ ಆರಿಸಿ ತಂದು, ಇಪ್ಪತ್ತೊಂದು ಎಸಳು ಎಣಿಸಿ ಗಣಪತಿಗೆ ಏರಿಸುತ್ತಿದ್ದರು. ಕಳೆಯೆಂದು ಕಿತ್ತವರಿಗೆ ಆ ಗಿಡದ ಜೀವ ಎಲ್ಲಿದೆ ಎಂಬುದು ತಿಳಿದಿರುತ್ತದೆ. ಅದನ್ನು ಬೆಳೆಸಲು ಹೊರಟ ನನಗೆ ಆ ಬೇಸಿಗೆಯಲ್ಲಿ ಅವರಿಗಿಂತ ಒಳ್ಳೆಯ ಗುರು ಸಿಗುವಂತಿರಲಿಲ್ಲ.

ಬೀಜ ಬಿತ್ತಿದರೆ ಖರ್ಚು ಕಡಿಮೆಯಲ್ಲವೇ ಎಂದು ಅವರು ಕೇಳಿದರು. ನಾನು ಆರಿಸಿದ್ದ ಟಿಫ್‌ವೇ 419 ಎಂಬ ತಳಿಗೆ ಬೀಜವೇ ಇಲ್ಲ. ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬ ಊರಿನ ಸಂಶೋಧನಾ ಕೇಂದ್ರದಿಂದ, ಗ್ಲೆನ್ ಬರ್ಟನ್ ಎಂಬ ತಳಿವಿಜ್ಞಾನಿಯ ಕೆಲಸದ ಫಲವಾಗಿ, 1960ರಲ್ಲಿ ಹೊರಬಂದ ತಳಿ ಇದು. ಸಾಮಾನ್ಯ ಗರಿಕೆಗೂ ಆಫ್ರಿಕಾದ ಇನ್ನೊಂದು ಜಾತಿಯ ಗರಿಕೆಗೂ ಹುಟ್ಟಿದ ಕೂಸು. ವರ್ಣತಂತುಗಳ ಜೋಡಿ ಸರಿಹೊಂದದ ಕಾರಣ ಇದರ ತೆನೆಯಲ್ಲಿ ಮೊಳೆಯುವ ಕಾಳು ಕಟ್ಟುವುದಿಲ್ಲ, ಆದ್ದರಿಂದ ಇದನ್ನು ಬಳ್ಳಿಯ ತುಂಡಿನಿಂದಲೋ ಹಾಳೆಯಿಂದಲೋ ಮಾತ್ರ ಹಬ್ಬಿಸಬೇಕು. ಎಲೆ ಸಣ್ಣ, ಹೆಣಿಗೆ ದಟ್ಟ, ತುಳಿದರೂ ತಡೆಯುತ್ತದೆ. ಒಂದೇ ಒಂದು ಷರತ್ತೆಂದರೆ ದಿನಕ್ಕೆ ಆರರಿಂದ ಎಂಟು ಗಂಟೆಯ ನೇರ ಬಿಸಿಲು. ನಮ್ಮ ಅಂಗಳದ ಎಡಮೂಲೆಯಲ್ಲಿ ಒಂದು ಮೇಪಲ್ ಮರವಿದೆ. ಅದರ ನೆರಳಿನ ಬಗ್ಗೆ ಆಗ ನಾನು ಸಾಕಷ್ಟು ಯೋಚಿಸಲಿಲ್ಲ.

ಯಾವಾಗ ಹಾಸಬೇಕೆಂಬ ಪ್ರಶ್ನೆಗೆ ಈ ಸಲ ಕ್ಯಾಲೆಂಡರ್ ನೋಡಲಿಲ್ಲ. ಅಡುಗೆಮನೆಯ ಉದ್ದ ಕಡ್ಡಿಯ ಥರ್ಮಾಮೀಟರನ್ನು ದಿನವೂ ಬೆಳಿಗ್ಗೆ ನಾಲ್ಕು ಇಂಚು ಆಳಕ್ಕೆ ಚುಚ್ಚಿ ಗೋಡೆಯ ಮೇಲೆ ಬರೆದಿಟ್ಟೆ. ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನ ಬನಿಯನ್ ಹಾಕಿಕೊಂಡು ಓಡಾಡುವಷ್ಟು ಸೆಕೆಯಿದ್ದ ದಿನಗಳಲ್ಲೂ ಬೆಳಗಿನ ಮಣ್ಣು 16 ಡಿಗ್ರಿಯಲ್ಲೇ ನಿಂತಿತ್ತು. ಗಾಳಿ ಬೇಗ ಕಾಯುತ್ತದೆ, ಮಣ್ಣು ನಿಧಾನವಾಗಿ ಕಾಯುತ್ತದೆ. ಮೇ ಮೂರನೆಯ ವಾರಕ್ಕೆ 20 ದಾಟಿತು, ಜೂನ್ ಮೊದಲ ವಾರಕ್ಕೆ 23 ಆಯಿತು. ಈ ಊರಿನಲ್ಲಿ ಮೇ ನಡುವಿನಿಂದ ಜುಲೈವರೆಗೆ ಬಿಸಿನಾಡಿನ ಹುಲ್ಲು ಹಾಸಲು ಒಳ್ಳೆಯ ಕಾಲ ಎಂಬುದು ನನ್ನ ಅಭಿಪ್ರಾಯ. ಆಗಸ್ಟ್ ನಡುಭಾಗ ದಾಟಿದರೆ ಬೇರು ಆಳಕ್ಕಿಳಿಯಲು ದಿನಗಳು ಸಾಲುವುದಿಲ್ಲ. ಮುಂಗಾರಿಗೆ ಮೊದಲು ರಾಗಿ ಬಿತ್ತನೆಗೆ ಹೊರಡುವಾಗ ಅಪ್ಪ ನೆಲಕ್ಕೆ ಅಂಗಾಲಿಟ್ಟು ನೋಡುತ್ತಿದ್ದುದನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಇಲ್ಲಿಯೂ ಅವರು ಬೆಳಿಗ್ಗೆ ಬರಿಗಾಲಿನಲ್ಲಿ ಅಂಗಳದಲ್ಲಿ ನಿಂತು "ಇನ್ನೂ ತಣ್ಣಗೈತೆ", "ಈಗ ಪರವಾಗಿಲ್ಲ" ಎನ್ನುತ್ತಿದ್ದರು. ಥರ್ಮಾಮೀಟರಿಗೂ ಅವರ ಮಾತಿಗೂ ಹೆಚ್ಚು ವ್ಯತ್ಯಾಸ ಬರಲಿಲ್ಲ.

ನೆಲ ಕಾಯುವವರೆಗೆ ಸುಮ್ಮನೆ ಕೂರುವಂತಿರಲಿಲ್ಲ, ಏಕೆಂದರೆ ಹಾಳೆ ಹಾಸುವುದು ಒಂದು ದಿನದ ಕೆಲಸವಾದರೆ ಅದರ ಕೆಳಗಿನ ನೆಲವನ್ನು ಸಿದ್ಧಪಡಿಸುವುದು ಆರು ವಾರದ ಕೆಲಸ. ಏಪ್ರಿಲ್‌ನಲ್ಲಿಯೇ ಅಂಗಳದ ಹತ್ತು ಕಡೆಯಿಂದ ಆರು ಇಂಚು ಆಳದ ಮಣ್ಣು ತೆಗೆದು, ಕಲಸಿ, ಒಂದು ಡಬ್ಬಿಯಷ್ಟನ್ನು ರಾಜ್ಯದ ಕೃಷಿ ಇಲಾಖೆಯ ಪ್ರಯೋಗಾಲಯಕ್ಕೆ ಕಳುಹಿಸಿದ್ದೆ. ಚಳಿಗಾಲದ ನಾಲ್ಕು ತಿಂಗಳು ಬಿಟ್ಟರೆ ಇಲ್ಲಿ ಈ ಪರೀಕ್ಷೆಗೆ ಶುಲ್ಕವಿಲ್ಲ. ರಸಸಾರ 5.6 ಎಂದು ವರದಿ ಬಂತು. ಮಣ್ಣು ಹುಳಿ, ಸಾವಿರ ಚದರಡಿಗೆ 50 ಪೌಂಡ್ ಸುಣ್ಣ ಸೇರಿಸಬೇಕು, ರಂಜಕ ಸಾಕಷ್ಟಿದೆ ಎಂದಿತ್ತು. ಈ ಕೊನೆಯ ಮಾತು ಮುಖ್ಯ, ಏಕೆಂದರೆ ಹೊಸ ಹುಲ್ಲಿಗೆಂದು ಮಾರುವ ಗೊಬ್ಬರದ ಚೀಲಗಳಲ್ಲಿ ರಂಜಕವೇ ಹೆಚ್ಚು. ವರದಿ ನೋಡದೆ ಹೋಗಿದ್ದರೆ ಬೇಡದ ಗೊಬ್ಬರಕ್ಕೆ ಹಣ ಕೊಟ್ಟು, ಮಳೆಗೆ ಅದು ಚರಂಡಿ ಸೇರುವಂತೆ ಮಾಡುತ್ತಿದ್ದೆ.

ಇಲ್ಲಿನ ಮಣ್ಣು ನೋಡಿ ಅಪ್ಪನಿಗೆ ಊರು ನೆನಪಾಯಿತು. ಕೆಂಪು, ಆದರೆ ನಮ್ಮ ಕಡೆಯ ಮರಳು ಬೆರೆತ ಕೆಮ್ಮಣ್ಣಿಗಿಂತ ಬಹಳ ಜಿಗುಟು. ಒದ್ದೆಯಾದಾಗ ಅಂಟು, ಒಣಗಿದಾಗ ಇಟ್ಟಿಗೆ. ಹಳೆಯ ಫೆಸ್ಕ್ಯೂ, ಅದರ ನಡುವೆ ಅಲ್ಲಲ್ಲಿ ಹಬ್ಬಿದ್ದ ಕಾಡುಗರಿಕೆ, ಕೊನ್ನಾರಿ ಗಡ್ಡೆ ಎಲ್ಲವೂ ಇದ್ದ ಆ ನೆಲವನ್ನು ಬಾಡಿಗೆಯ ಟಿಲ್ಲರ್‌ನಿಂದ ಒಮ್ಮೆ ಉತ್ತುಬಿಡೋಣವೆಂದು ನಾನು ಹೊರಟಾಗ ಅಪ್ಪ ತಡೆದರು. "ಗರಿಕೆ ಇರೋ ನೆಲಕ್ಕೆ ನೇಗಿಲು ಹಾಕಿದ್ರೆ ಒಂದು ಬೇರು ನೂರಾಗ್ತದೆ. ಮೊದ್ಲು ಅದನ್ನ ಸಾಯಿಸು, ಆಮೇಲೆ ಉಳು" ಎಂದರು. ಗರಿಕೆಯ ಪ್ರತಿ ಗೆಣ್ಣಿನಲ್ಲೂ ಒಂದು ಮೊಗ್ಗು ಇರುತ್ತದೆ, ತುಂಡಾದಷ್ಟೂ ಹೊಸ ಗಿಡಗಳು ಏಳುತ್ತವೆ. ಹಳೆಯ ಒರಟು ಗರಿಕೆ ಹೊಸ ಹಾಳೆಯ ಕೆಳಗಿನಿಂದ ಎದ್ದರೆ ಅದನ್ನು ಬೇರ್ಪಡಿಸುವ ಉಪಾಯವೇ ಇಲ್ಲ, ಏಕೆಂದರೆ ಒಂದನ್ನು ಕೊಲ್ಲುವ ಔಷಧಿ ಇನ್ನೊಂದನ್ನೂ ಕೊಲ್ಲುತ್ತದೆ. ಹೀಗಾಗಿ ಹುಲ್ಲು ಚಿಗುರಿ ಹಸಿರಾಗಿದ್ದಾಗಲೇ ಗ್ಲೈಫೊಸೇಟ್ ಸಿಂಪಡಿಸಿ, ಎರಡು ವಾರ ಕಾದು, ಮತ್ತೆ ತಲೆಯೆತ್ತಿದ್ದಕ್ಕೆ ಎರಡನೆಯ ಸಲ ಸಿಂಪಡಿಸಿದೆವು. ಮನೆಯಂಗಳಕ್ಕೆ ಕಳೆನಾಶಕ ಹೊಡೆಯುವುದು ನನಗೆ ಇಷ್ಟದ ಕೆಲಸವಲ್ಲ. ಮಗಳನ್ನು ಆ ದಿನಗಳಲ್ಲಿ ಹಿತ್ತಲಿನಲ್ಲೇ ಆಡಲು ಬಿಟ್ಟೆವು. ಕೊನ್ನಾರಿಯನ್ನು ಮಾತ್ರ ಅಪ್ಪ ಔಷಧಿಗೆ ಬಿಡಲಿಲ್ಲ, ಕುಳಿತು ಗಡ್ಡೆ ಸಮೇತ ಅಗೆದು ತೆಗೆದರು.

ಅಗೆಯುವುದಕ್ಕೆ ಮೊದಲು 811 ಸಂಖ್ಯೆಗೆ ಕರೆ ಮಾಡುವುದು ಈ ರಾಜ್ಯದಲ್ಲಿ ಕಡ್ಡಾಯ. ಮೂರು ಕೆಲಸದ ದಿನಗಳ ಮುಂಚೆ ತಿಳಿಸಿದರೆ ಉಚಿತವಾಗಿ ಬಂದು ನೆಲದಡಿಯ ಗ್ಯಾಸ್ ಕೊಳವೆಯ ಮೇಲೆ ಹಳದಿ, ವಿದ್ಯುತ್ ತಂತಿಯ ಮೇಲೆ ಕೆಂಪು, ನೀರಿನ ಕೊಳವೆಯ ಮೇಲೆ ನೀಲಿ ಬಣ್ಣದ ಗೆರೆ ಎಳೆದು ಹೋಗುತ್ತಾರೆ. ನಮ್ಮ ಹಳದಿ ಗೆರೆ ನಾನು ಊಹಿಸಿದ್ದ ಜಾಗಕ್ಕಿಂತ ನಾಲ್ಕಡಿ ಈಚೆಗಿತ್ತು. ಆ ಪಟ್ಟಿಯನ್ನು ಟಿಲ್ಲರ್ ಬಿಟ್ಟು ಕೈಯಿಂದಲೇ ಕೆದಕಿದೆವು.

ಉಳುವ ದಿನವನ್ನು ಅಪ್ಪನೇ ಗೊತ್ತುಮಾಡಿದರು. ಮಳೆ ಬಂದು ಮೂರನೆಯ ದಿನ ಒಂದು ಹಿಡಿ ಮಣ್ಣು ತೆಗೆದು ಅದುಮಿ ಉಂಡೆ ಮಾಡಿ, ಹೆಬ್ಬೆರಳಿನಿಂದ ಒತ್ತಿದರು. ಉಂಡೆ ಬಿರಿದು ಪುಡಿಯಾಯಿತು. ಅದೇ ಹದ. ಹಿಂದಿನ ದಿನ ಅದೇ ಮಣ್ಣು ಒತ್ತಿದರೆ ಚಪ್ಪಟೆಯಾಗಿ ಬೆರಳಿಗೆ ಅಂಟಿಕೊಂಡಿತ್ತು. ಆಗ ಉತ್ತಿದ್ದರೆ ಹೆಂಟೆಗಳೆದ್ದು ಒಣಗಿ ಕಲ್ಲಾಗುತ್ತಿದ್ದವು. ನಾಲ್ಕು ಘನಗಜ ಕಾಂಪೋಸ್ಟ್ ತರಿಸಿ ಒಂದೂವರೆ ಇಂಚು ದಪ್ಪಕ್ಕೆ ಹರಡಿ, ಅದರ ಮೇಲೆ ಒಂದು ಚೀಲ ಸುಣ್ಣದ ಹರಳು ಚೆಲ್ಲಿ, ಆರು ಇಂಚು ಆಳಕ್ಕೆ ಅಡ್ಡಲಾಗಿ ಒಮ್ಮೆ, ಉದ್ದವಾಗಿ ಒಮ್ಮೆ ಟಿಲ್ಲರ್ ಹೊಡೆದೆವು. ಸುಣ್ಣ ಮಣ್ಣಿನಲ್ಲಿ ತಾನಾಗಿ ಕೆಳಗಿಳಿಯುವುದು ಬಹಳ ನಿಧಾನ, ಹಾಳೆ ಹಾಸಿದ ಮೇಲೆ ಅದನ್ನು ಬೇರಿನ ಮಟ್ಟಕ್ಕೆ ಸೇರಿಸುವ ಅವಕಾಶ ಮತ್ತೆ ಸಿಗುವುದಿಲ್ಲ. ನಂತರ ಎರಡು ಸಂಜೆ ಕಲ್ಲು, ಬೇರು, ಒಣಹುಲ್ಲು ಆರಿಸಿ, ಅಗಲವಾದ ರೇಕ್‌ನಿಂದ ಹಲುಬೆ ಹೊಡೆದಂತೆ ಎಳೆದು ಮಟ್ಟ ಮಾಡಿದೆವು. ಮನೆಯ ಗೋಡೆಯಿಂದ ರಸ್ತೆಯ ಕಡೆಗೆ ಹತ್ತಡಿಗೆ ಎರಡು ಇಂಚಿನಂತೆ ಇಳಿಜಾರು ಉಳಿಸಿ, ಡ್ರೈವ್‌ವೇ ಅಂಚಿನಲ್ಲಿ ಮಣ್ಣು ಕಾಂಕ್ರೀಟಿಗಿಂತ ಒಂದು ಇಂಚು ಕೆಳಗಿರುವಂತೆ ನೋಡಿಕೊಂಡೆವು. ಹಾಳೆಯ ದಪ್ಪ ಸೇರಿದಾಗ ಎರಡೂ ಸಮವಾಗುತ್ತವೆ. ಅರ್ಧ ನೀರು ತುಂಬಿದ ರೋಲರನ್ನು ಒಮ್ಮೆ ಉರುಳಿಸಿದಾಗ ಅಲ್ಲಲ್ಲಿ ಕುಸಿದ ಗುಂಡಿಗಳು ಕಂಡವು, ಅವುಗಳಿಗೆ ಮಣ್ಣು ತುಂಬಿದೆವು. ಕಣದಲ್ಲಿ ರೋಣಗಲ್ಲು ಎಳೆದಂತೆಯೇ ಇದೆ ಎಂದು ಅಪ್ಪ ಅದನ್ನು ತಾವೇ ಎಳೆದರು, ನಾನು ಬೇಡವೆಂದರೂ ಕೇಳಲಿಲ್ಲ.

ಜೂನ್ 7ರ ಬೆಳಿಗ್ಗೆ ಕತ್ತರಿಸಿದ ಹಾಳೆಗಳು ಅಂದೇ ಒಂಬತ್ತು ಗಂಟೆಗೆ ಬರುತ್ತವೆಂದು ಮಾತಾಗಿತ್ತು. ತಲಾ 450 ಚದರಡಿಯ ಎರಡು ಪ್ಯಾಲೆಟ್‌ಗಳು, ಅಂದರೆ ಹಾಳೆಗಳನ್ನು ಪೇರಿಸಿದ ಮರದ ಅಟ್ಟಣೆಗಳು. ಅಂಚಿನಲ್ಲಿ ಕತ್ತರಿಸಿ ಹಾಳಾಗುವುದಕ್ಕೆಂದು ಐವತ್ತು ಚದರಡಿ ಹೆಚ್ಚುವರಿ. ಬಂದದ್ದು ಸಂಜೆ ಐದಕ್ಕೆ, ಮತ್ತು ಹುಲ್ಲು ಕತ್ತರಿಸಿದ್ದು ಹಿಂದಿನ ದಿನ ಎಂದು ಲಾರಿಯವರ ಮಾತಿನಿಂದ ತಿಳಿಯಿತು. ಪ್ರತಿಯೊಂದು ಹಾಳೆಯೂ 16 ಇಂಚು ಅಗಲ, 24 ಇಂಚು ಉದ್ದ, ಐದಾರು ಕಿಲೋ ತೂಕ. ಒಂದು ಪ್ಯಾಲೆಟ್‌ನಲ್ಲಿ ಸುಮಾರು 170. ನಾನು, ನನ್ನ ಹೆಂಡತಿ, ಅಪ್ಪ ಮೂವರೂ ಕತ್ತಲಾಗುವವರೆಗೆ ದುಡಿದು ಒಂದು ಪ್ಯಾಲೆಟ್ ಮುಗಿಸಿದೆವು. ಇನ್ನೊಂದು ರಾತ್ರಿಯಿಡೀ ಡ್ರೈವ್‌ವೇಯಲ್ಲಿ ನಿಂತಿತು. ಮೇಲೆ ನೀರು ಚಿಮುಕಿಸಿ, ತಂಪಾಗಿರುತ್ತದೆಂದು ತಿಳಿದು ಮಲಗಿದೆ.

ಬೆಳಿಗ್ಗೆ ಆರಕ್ಕೆ ಹೋದಾಗ ಮೇಲಿನ ಸಾಲು ಹಸಿರಾಗಿಯೇ ಇತ್ತು. ಅಪ್ಪ ಹಾಳೆಗಳ ನಡುವೆ ಮೊಣಕೈಯವರೆಗೆ ಕೈ ತೂರಿಸಿ ತಕ್ಷಣ ಹೊರಗೆಳೆದುಕೊಂಡರು. "ಒಳಗೆ ತಿಪ್ಪೆ ಕಾದಂಗೆ ಕಾದೈತೆ" ಎಂದರು. ನಾನೂ ಕೈಯಿಟ್ಟೆ, ಒದ್ದೆ ಬಿಸಿ, ಹುದುಗಿನ ವಾಸನೆ. ಕತ್ತರಿಸಿದ ಮೇಲೂ ಹುಲ್ಲು ಉಸಿರಾಡುತ್ತಲೇ ಇರುತ್ತದೆ, ಆ ಉಸಿರಿನ ಬಿಸಿ ಒತ್ತಾಗಿ ಪೇರಿಸಿದ ಹಾಳೆಗಳ ನಡುವೆ ಸಿಕ್ಕಿಬಿದ್ದು ಹೊರಹೋಗದೆ ಏರುತ್ತದೆ. ಹೊರಗಿನಿಂದ ನೀರು ಚಿಮುಕಿಸಿದರೆ ಅದು ನಡುವಿಗೆ ತಲುಪುವುದೇ ಇಲ್ಲ. ಕತ್ತರಿಸಿದ 24 ಗಂಟೆಯೊಳಗೆ ಬೇಸಿಗೆಯಲ್ಲಿ ಹಾಳೆ ನೆಲ ಸೇರಬೇಕೆಂಬ ನಿಯಮವನ್ನು ಓದಿದ್ದೆ, ಅದರ ಕಾರಣ ನನ್ನ ಅಂಗೈಗೆ ತಿಳಿದದ್ದು ಆಗ. ತಕ್ಷಣ ಪ್ಯಾಲೆಟ್ ಬಿಚ್ಚಿ ಹಾಳೆಗಳನ್ನೆಲ್ಲ ಮೇಪಲ್ ಮರದ ನೆರಳಿನಲ್ಲಿ ಒಂದೊಂದಾಗಿ ಹರಡಿ ನೀರು ಹೊಡೆದೆವು. ನಡುವಿನ ಮೂವತ್ತು ಹಾಳೆಗಳ ಎಲೆ ಬೇಯಿಸಿದ ಸೊಪ್ಪಿನಂತೆ ಮೆತ್ತಗಾಗಿತ್ತು, ಅವನ್ನು ಬಿಡಬೇಕಾಯಿತು. ಮಾರಿದವರಿಗೆ ಫೋನ್ ಮಾಡಿದಾಗ, ಇಳಿಸಿಕೊಂಡ ಮೇಲೆ ತಮ್ಮ ಹೊಣೆಯಿಲ್ಲ ಎಂದರು. ಸಂಜೆ ಲಾರಿ ಬಂದಾಗಲೇ ಎರಡನೆಯ ಪ್ಯಾಲೆಟ್ ಬಿಚ್ಚಿ, ಎಲ್ಲೆಂದರಲ್ಲಿ ಹರಡಿಬಿಟ್ಟಿದ್ದರೂ ಅವು ಉಳಿಯುತ್ತಿದ್ದವು.

ಹಾಸುವ ಕ್ರಮದಲ್ಲಿ ಕಷ್ಟವೇನಿಲ್ಲ, ಆದರೆ ಅವಸರ ಸಲ್ಲದು. ಮಣ್ಣನ್ನು ಹಿಂದಿನ ದಿನವೇ ನೆನೆಸಿ, ಕೆಸರಾಗದೆ ತೇವವಾಗಿರುವಂತೆ ಇಟ್ಟುಕೊಳ್ಳಬೇಕು. ಒಣಗಿ ಕಾದ ಮಣ್ಣಿನ ಮೇಲೆ ಹಾಳೆ ಇಟ್ಟರೆ ಅದರ ಎಳೆಬೇರು ಮೊದಲ ಗಂಟೆಯಲ್ಲೇ ಸುಡುತ್ತದೆ. ಅಂಗಳದಲ್ಲಿ ಅತಿ ನೇರವಾದ ಗೆರೆ ಡ್ರೈವ್‌ವೇ ಅಂಚಾದ್ದರಿಂದ ಅಲ್ಲಿಂದಲೇ ದಾರ ಕಟ್ಟಿ ಆರಂಭಿಸಿದೆವು. ಎರಡನೆಯ ಸಾಲನ್ನು ಅರ್ಧ ಹಾಳೆಯಿಂದ ಶುರುಮಾಡಿ, ಗೋಡೆಗೆ ಇಟ್ಟಿಗೆ ಇಡುವಂತೆ ಸಂದುಗಳು ಒಂದರ ಎದುರಿಗೊಂದು ಬಾರದ ಹಾಗೆ ಜೋಡಿಸಿದೆವು. ಹಾಳೆಯ ಅಂಚಿಗೆ ಅಂಚು ಒತ್ತಿ ಕೂರಬೇಕು, ಒಂದರ ಮೇಲೊಂದು ಏರಬಾರದು, ಸಂದು ಮುಚ್ಚಲೆಂದು ಹಾಳೆಯನ್ನು ಎಳೆದು ಹಿಗ್ಗಿಸಲೂಬಾರದು. ಎಳೆದದ್ದು ಒಣಗುವಾಗ ಕುಗ್ಗಿ, ಸಂದು ಬೆರಳಗಲ ತೆರೆಯುತ್ತದೆ. ಮೊದಲ ದಿನದ ಅವಸರದಲ್ಲಿ ನಾನು ಹಾಗೆ ಎಳೆದ ಆರೇಳು ಹಾಳೆಗಳನ್ನು ಒಂದು ವಾರದ ನಂತರ ಯಾರಾದರೂ ಗುರುತಿಸಬಹುದಿತ್ತು, ಅವುಗಳ ಅಂಚು ಅಷ್ಟು ಒಣಗಿ ಕಂದಿತ್ತು. ಹೊರ ಅಂಚಿನಲ್ಲಿ ಸಣ್ಣ ತುಂಡುಗಳನ್ನಿಟ್ಟರೆ ಬೇಗ ಒಣಗುತ್ತವೆ, ಆದ್ದರಿಂದ ಅಂಚಿಗೆ ಇಡೀ ಹಾಳೆ, ಕತ್ತರಿಸಿದ ತುಂಡು ಒಳಗಡೆ. ಕತ್ತರಿಸಲು ನಮ್ಮ ಹಳೆಯ ಬ್ರೆಡ್ ಚಾಕು ಸಾಕಾಯಿತು. ರಸ್ತೆಯ ಬದಿಯ ಇಳಿಜಾರಿನಲ್ಲಿ ಹಾಳೆಗಳನ್ನು ಇಳಿಜಾರಿಗೆ ಅಡ್ಡಲಾಗಿ ಹಾಸಿ, ಪ್ರತಿಯೊಂದಕ್ಕೂ ಎರಡು ಮರದ ಗೂಟ ಹೊಡೆದೆವು. ಹೊಸದಾಗಿ ಹಾಸಿದ್ದರ ಮೇಲೆ ಮಂಡಿಯೂರಿದರೆ ಗುಂಡಿ ಬೀಳುತ್ತದೆಂದು ಅಪ್ಪ ಒಂದು ಹಲಗೆ ಹಾಕಿಕೊಂಡು ಅದರ ಮೇಲೆಯೇ ಸರಿದರು.

ಮೂವತ್ತು ಹಾಳೆ ಕಡಿಮೆಯಾದ್ದರಿಂದ ಕೊನೆಗೆ ಗೋಡೆಯ ಹತ್ತಿರ ಮೂವತ್ತು ಚದರಡಿಯಷ್ಟು ಜಾಗ ಬರಿದಾಗಿ ಉಳಿಯಿತು. ಕತ್ತರಿಸಿ ಮಿಕ್ಕಿದ ಚೂರುಗಳನ್ನು ಅಂಗೈಯಗಲ ಮಾಡಿ, ಅರ್ಧ ಅಡಿಗೊಂದರಂತೆ ಅಲ್ಲಿ ನೆಟ್ಟೆವು. ಗರಿಕೆ ತಾನಾಗಿ ಹಬ್ಬುವ ಹುಲ್ಲಾದ್ದರಿಂದ ಆಗಸ್ಟ್ ಮುಗಿಯುವ ಹೊತ್ತಿಗೆ ಆ ಜಾಗ ಮುಚ್ಚಿಕೊಂಡಿತು. ತಡೆದುಕೊಳ್ಳುವ ತಾಳ್ಮೆಯಿರುವವರು, ಹಣದ ಮುಗ್ಗಟ್ಟಿರುವವರು ಇಡೀ ಅಂಗಳವನ್ನೇ ಹೀಗೆ ತುಂಡು ನೆಟ್ಟು ಬೆಳೆಸಬಹುದು. ಆದರೆ ಅಲ್ಲಿಯವರೆಗೆ ಕಳೆ ಕೀಳುತ್ತಲೇ ಇರಬೇಕು.

ಹಾಸಿದ ಮೇಲೆ ಮತ್ತೊಮ್ಮೆ ರೋಲರ್ ಎಳೆದು, ಹಾಳೆಯ ತಳಕ್ಕೂ ಮಣ್ಣಿಗೂ ನಡುವೆ ಗಾಳಿ ನಿಲ್ಲದಂತೆ ಮಾಡಿದೆವು. ಬೇರು ಗಾಳಿಯ ಸಂದನ್ನು ದಾಟುವುದಿಲ್ಲ, ಮಣ್ಣು ತಾಗಿದ ಕಡೆ ಮಾತ್ರ ಇಳಿಯುತ್ತದೆ. ನೀರಂತೂ ಎಲ್ಲ ಮುಗಿಯುವವರೆಗೆ ಕಾಯಬಾರದು. ಹಾಸಿದಷ್ಟು ಜಾಗಕ್ಕೆ ಅರ್ಧ ಗಂಟೆಯೊಳಗೆ ನೀರು ಬೀಳಬೇಕು. 850 ಚದರಡಿಗೆ ಒಂದು ಇಂಚು ನೀರೆಂದರೆ ಎರಡು ಸಾವಿರ ಲೀಟರ್. ನಮ್ಮ ಸ್ಪ್ರಿಂಕ್ಲರ್ ಅಷ್ಟು ಕೊಡಲು ಎಷ್ಟು ಹೊತ್ತು ಬೇಕೆಂದು ತಿಳಿಯಲು ಅಂಗಳದ ಆರು ಕಡೆ ಒಂದೇ ಅಳತೆಯ ಖಾಲಿ ಡಬ್ಬಿಗಳನ್ನಿಟ್ಟು ಅಳೆದೆ. ರಸ್ತೆ ಬದಿಯ ಡಬ್ಬಿಯಲ್ಲಿ ಬಿದ್ದದ್ದು ಗೋಡೆ ಬದಿಯದರ ಅರ್ಧ ಮಾತ್ರ. ಅಳೆಯದಿದ್ದರೆ ಆ ಬದಿ ಒಣಗಿದ ಮೇಲೆಯೇ ತಿಳಿಯುತ್ತಿತ್ತು. ಮೊದಲ ಹತ್ತು ದಿನ ಬೆಳಿಗ್ಗೆ, ನಡುಹಗಲು, ನಾಲ್ಕು ಗಂಟೆಗೆ ಹೀಗೆ ಮೂರು ಸಲ ಸ್ವಲ್ಪ ಸ್ವಲ್ಪವಾಗಿ ಕೊಟ್ಟೆವು, ಏಕೆಂದರೆ ಆಗ ಬೇರಿರುವುದು ಒಂದು ಇಂಚಿನೊಳಗೆ, ಆ ಒಂದು ಇಂಚು ಒಣಗಬಾರದು. ಆಮೇಲೆ ದಿನಕ್ಕೊಮ್ಮೆ, ಮೂರನೆಯ ವಾರದಿಂದ ಎರಡು ದಿನಕ್ಕೊಮ್ಮೆ ಹೆಚ್ಚು ನೀರು, ಒಂದು ತಿಂಗಳಾದ ಮೇಲೆ ಮಳೆ ಸೇರಿಸಿ ವಾರಕ್ಕೆ ಒಂದು ಇಂಚು. ಇಲ್ಲಿ ಅನೇಕರು ತಪ್ಪುವುದು ಈ ಇಳಿಸುವ ಹಂತದಲ್ಲಿ. ಮೇಲ್ಮಣ್ಣು ಸದಾ ಒದ್ದೆಯಾಗಿದ್ದರೆ ಬೇರಿಗೆ ಕೆಳಗಿಳಿಯುವ ಅಗತ್ಯವೇ ಬೀಳುವುದಿಲ್ಲ.

ಐದನೆಯ ದಿನ ಅಪ್ಪ ಒಂದು ಹಾಳೆಯ ಮೂಲೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ಎತ್ತಿ ನನ್ನನ್ನು ಕರೆದರು. ಹಳೆಯ ಕಂದು ಬೇರುಗಳ ನಡುವಿನಿಂದ ಹೊಲಿಗೆ ದಾರದಷ್ಟು ಸಣ್ಣ, ಬೆಳ್ಳನೆಯ ಬೇರುಗಳು ಕಾಲು ಇಂಚು ಕೆಳಗಿಳಿದು, ಕೆಂಪು ಮಣ್ಣಿನ ಒಂದೊಂದು ಕಾಳನ್ನು ಹಿಡಿದುಕೊಂಡಿದ್ದವು. ಅಕ್ಟೋಬರ್‌ನಲ್ಲಿ ಹಾಸಿದ್ದರ ಕೆಳಗೆ ನಾನು ಒಂದು ದಿನವೂ ಕಾಣದ ದೃಶ್ಯ ಅದು. ಕಣ್ಣು ತುಂಬಿ ಬಂತು. ಹನ್ನೆರಡನೆಯ ದಿನ ಎಳೆದಾಗ ಹಾಳೆ ಅಲುಗಲಿಲ್ಲ. ಹದಿನೆಂಟನೆಯ ದಿನ, ಹಿಂದಿನ ದಿನ ನೀರು ನಿಲ್ಲಿಸಿ ನೆಲ ಗಟ್ಟಿಯಾದ ಮೇಲೆ, ಅಲಗು ಹರಿತ ಮಾಡಿಸಿದ ಯಂತ್ರದಿಂದ ಒಂದೂವರೆ ಇಂಚು ಎತ್ತರಕ್ಕೆ ಕತ್ತರಿಸಿದೆ. ಒಂದು ಸಲಕ್ಕೆ ಎಲೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ನಾಲ್ಕು ವಾರ ತುಂಬಿದ ಮೇಲೆ ಸಾವಿರ ಚದರಡಿಗೆ ಒಂದು ಪೌಂಡ್ ಸಾರಜನಕದ ಲೆಕ್ಕದಲ್ಲಿ ಗೊಬ್ಬರ ಕೊಟ್ಟೆ, ಆಗಸ್ಟ್ ಆರಂಭದಲ್ಲಿ ಮತ್ತೊಮ್ಮೆ. ಆಮೇಲೆ ನಿಲ್ಲಿಸಿದೆ, ಏಕೆಂದರೆ ಚಳಿ ಬರುವ ಹೊತ್ತಿಗೆ ಎಳೆಚಿಗುರು ಇರಬಾರದು.

ಆಗಸ್ಟ್ ಕೊನೆಯಲ್ಲಿ ಒಂದು ಬೆಳಿಗ್ಗೆ ರಸ್ತೆ ಬದಿಯ ಹುಲ್ಲು ದನ ಮೇಯ್ದಂತೆ ಕಂಡಿತು. ಒಂದು ಬಕೆಟ್ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಸೋಪು ಹಾಕಿ ಒಂದು ಗಜ ಜಾಗಕ್ಕೆ ಸುರಿದಾಗ ಐದು ನಿಮಿಷದಲ್ಲಿ ಹುಳುಗಳು ಮೇಲೆದ್ದವು. ಅಪ್ಪ ಒಂದನ್ನು ಅಂಗೈಗೆ ಹಾಕಿಕೊಂಡು ತಲೆಯ ಮೇಲಿನ ಕವೆಯಾಕಾರದ ಬಿಳಿಗೆರೆ ತೋರಿಸಿ, ಇದು ನಮ್ಮ ಮೆಕ್ಕೆಜೋಳ ತಿಂದ ಹುಳುವೇ ಎಂದರು. ಅದು ಸೈನಿಕ ಹುಳು. ಅಮೆರಿಕ ಖಂಡದ್ದಾದ ಅದು 2018ರಲ್ಲಿ ಕರ್ನಾಟಕದ ಮೆಕ್ಕೆಜೋಳದ ಹೊಲಗಳಲ್ಲಿ ಮೊದಲ ಸಲ ಕಾಣಿಸಿಕೊಂಡಾಗ ಅಪ್ಪನ ಎರಡು ಎಕರೆಗೂ ಬಿದ್ದಿತ್ತು. ಹೊಸದಾಗಿ ಹಾಸಿದ ಹುಲ್ಲು ಅದಕ್ಕೆ ಬಹಳ ಇಷ್ಟ. ಹುಳು ಇನ್ನೂ ಸಣ್ಣದಿರುವಾಗಲೇ ಸಿಕ್ಕಿದ್ದರಿಂದ, ಅದು ಮೇಯಲು ಮೇಲೇಳುವ ಸಂಜೆಯ ಹೊತ್ತಿನಲ್ಲಿ ಬಿಟಿ ಎಂಬ, ಬ್ಯಾಕ್ಟೀರಿಯಾದಿಂದ ಮಾಡಿದ ಹುಳುನಾಶಕ ಔಷಧಿ ಸಿಂಪಡಿಸಿದೆವು. ಕೆಳಗೆ ಬೇರು ಹಿಡಿದಿದ್ದ ಹುಲ್ಲು ಎರಡು ವಾರದಲ್ಲಿ ಮತ್ತೆ ಚಿಗುರಿತು. ಸೆಪ್ಟೆಂಬರ್‌ನಲ್ಲಿ ಚೌತಿ ಬಂದಾಗ ಔಷಧಿ ಬಿದ್ದ ಅಂಗಳದ ಹುಲ್ಲು ಪೂಜೆಗೆ ಬೇಡವೆಂದು ಅಪ್ಪ ಹಿತ್ತಲಿನ ಬೇಲಿಯ ಬುಡದಲ್ಲಿದ್ದ ಕಾಡುಗರಿಕೆಯನ್ನೇ ಆರಿಸಿದರು. ಮರುವಾರ ಊರಿಗೆ ಹೊರಟರು.

2024ರ ಏಪ್ರಿಲ್ ಎರಡನೆಯ ವಾರದಲ್ಲಿ, ಮಣ್ಣು 18 ಡಿಗ್ರಿ ಮುಟ್ಟಿದ ಮೂರು ದಿನಕ್ಕೆ, ಒಣಹುಲ್ಲಿನ ಬಣ್ಣದ ಅಂಗಳದಲ್ಲಿ ಮೊದಲ ಹಸಿರು ಕಂಡಿತು. ಮೇ ನಡುವಿಗೆ ಸಂದುಗಳೆಲ್ಲಿದ್ದವೆಂದು ನನಗೂ ಗುರುತಿಸಲಾಗಲಿಲ್ಲ. ಫೋಟೋ ಕಳುಹಿಸಿದೆ. ಅಪ್ಪ ಫೋನ್ ಮಾಡಿ ಎಡಮೂಲೆ ಯಾಕೆ ತೆಳ್ಳಗಿದೆ ಎಂದು ಕೇಳಿದರು. ಮೇಪಲ್ ಮರದಡಿ ಬಿಸಿಲು ಬೀಳುವ ಹೊತ್ತನ್ನು ಎಣಿಸಿ ನೋಡಿದಾಗ ದಿನಕ್ಕೆ ನಾಲ್ಕು ಗಂಟೆಯೂ ಇರಲಿಲ್ಲ. ಅಲ್ಲಿ ಗರಿಕೆ ನಿಲ್ಲುವುದಿಲ್ಲ. ಆ ನೂರು ಚದರಡಿಯ ಗರಿಕೆಯನ್ನು ತೆಗೆದು, ನೆರಳನ್ನು ಅದಕ್ಕಿಂತ ಚೆನ್ನಾಗಿ ತಡೆಯುವ ಜೋಯ್ಷಿಯಾದ ಹಾಳೆಗಳನ್ನು ಜೂನ್‌ನಲ್ಲಿ ಹಾಸಿದೆ. ಈ ಸಲ ಹಾಳೆಗಳನ್ನು ನಾನೇ ಹೋಗಿ, ಬೆಳಿಗ್ಗೆ ಕತ್ತರಿಸುವಾಗ ನಿಂತು ನೋಡಿ, ಬಾಡಿಗೆ ಟ್ರಕ್ಕಿನಲ್ಲಿ ತಂದು, ಮಧ್ಯಾಹ್ನ ಎರಡಕ್ಕೆ ಕೊನೆಯ ಹಾಳೆಗೆ ನೀರು ಬಿಟ್ಟೆ.